ಸವೆದ ಫುಟ್‌ರೆಸ್ಟ್‌ಗೆ ಎರಡು ಸಾವಿರ ಹೆಚ್ಚು

ಚಿಂತಾಮಣಿಯಲ್ಲಿ ಒಂದು ಹಳೆಯ ರೇಸ್ ಬೈಕಿಗೆ ನಲವತ್ತೆರಡು ಸಾವಿರ ಕೊಟ್ಟೆ. ಅದರಲ್ಲಿ ಎರಡು ಸಾವಿರ ನನ್ನ ಬಾಯಿಂದಲೇ ಹೋದದ್ದು.

ಮಾರುತ್ತಿದ್ದವರು ಎಂಬತ್ತು ದಾಟಿದ ಅಮ್ಮ. ಬೈಕ್ ರೇಸ್ ಎಂದರೇನೆಂದು ನಮ್ಮ ಕಡೆ ಯಾರಿಗೂ ಗೊತ್ತಿರದ ಕಾಲದಲ್ಲಿ ಅವರ ಯಜಮಾನರು ಅದೇ ಗಾಡಿಯಲ್ಲಿ ಚಾಂಪಿಯನ್ ಆಗಿದ್ದರು. ಅಮ್ಮ ಹೇಳಿದ ಬೆಲೆ ನಲವತ್ತು ಸಾವಿರ. ಹಳೆಯ ಗಾಡಿ ಕೊಂಡು ಮಾರುವ ನಾನು ಅಭ್ಯಾಸದಂತೆ ಬಗ್ಗಿ ಕೊರತೆ ಹುಡುಕಿದೆ. ಬಲಗಡೆಯ ಫುಟ್‌ರೆಸ್ಟಿನ ಅಡಿ ಓರೆಯಾಗಿ ಸವೆದಿತ್ತು.

“ಇದನ್ನ ಕಿತ್ತು ಹೊಸದು ಹಾಕಿಸ್ಬೇಕಮ್ಮ, ಎರಡು ಸಾವಿರ ಬಿಟ್ಕೊಡಿ” ಎಂದೆ.

“ಅಯ್ಯೋ ನಾಯನಾ, ತಿರುವಲ್ಲಿ ಗಾಡಿ ಮಲಗಿಸ್ದಾಗ ನೆಲಕ್ಕೆ ಉಜ್ಜಿ ಸವೆದಿರೋದು ಅದು. ಹೆದರ್ಕೊಂಡು ಓಡಿಸಿದ್ರೆ ಹೊಸದಾಗೇ ಇರ್ತಿತ್ತು. ನಮ್ಮನೆಯವ್ರು ಗೆದ್ದಿದ್ದೇ ಹಂಗೆ. ಅದನ್ನ ಕೀಳೋನಿಗೆ ಗಾಡಿ ಕೊಡಲ್ಲ, ಹೋಗಪ್ಪ.”

“ಕೀಳಲ್ಲಮ್ಮ.”

“ಹಂಗಾದ್ರೆ ಅದಕ್ಕೇ ಅಂತ ಎರಡು ಸಾವಿರ ಜಾಸ್ತಿ ಕೊಡು. ಕಾಸು ಕೊಟ್ಟು ತಗೊಂಡಿದ್ದನ್ನ ನೀನು ಬಿಸಾಕೋನಲ್ಲ.”

ನನ್ನ ವ್ಯಾಪಾರದಲ್ಲಿ ಹೀಗೆ ಕಟ್ಟಿಹಾಕಿದವರು ಇನ್ನೊಬ್ಬರಿಲ್ಲ. ಈಗ ಗಾಡಿ ನೋಡಲು ಬಂದವರಿಗೆ ಮೊದಲು ಆ ಫುಟ್‌ರೆಸ್ಟನ್ನೇ ತೋರಿಸುತ್ತೇನೆ. ನೀವೂ ಹಳೆಯ ಗಾಡಿ ಕೊಳ್ಳುವಾಗ ಸವೆದ ಜಾಗ ಕಂಡರೆ, ಬೆಲೆ ಇಳಿಸುವ ಮುಂಚೆ ಅದು ಹೇಗೆ ಸವೆಯಿತೆಂದು ಕೇಳಿ.