ನೋಡದೆ ಉಳಿದ ಮೈಸೂರು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕೋಲಾರದ ಬಸ್ ನಿಲ್ದಾಣದ ಹಿಂದಿನ ಬೀದಿಯಿಂದ ಏಜಾಜ್ ಭಾಯ್ ಬಾಡಿಗೆ ಸೈಕಲ್ಲೊಂದನ್ನು ಹತ್ತಿ ಕ್ಲಾಕ್ ಟವರ್ ಕಡೆ ಹೊರಟಿದ್ದಾರೆ. ಅಲ್ಲಿವರೆಗೆ ಹೋಗಿ, ಗಕ್ಕನೆ ಬ್ರೇಕ್ ಹಾಕಿ, ತಿರುಗಿ ಬರುತ್ತಾರೆ. ಆಮೇಲೆ ಇನ್ನೊಂದು ಸೈಕಲ್. ಅವರ ಬಾಡಿಗೆ ಅಂಗಡಿಯ ಎಲ್ಲ ಸೈಕಲ್ಲುಗಳಿಗೂ ದಿನಾ ಈ ಪರೀಕ್ಷೆ. "ನಾನು ಕೂತು ನೋಡದೆ ಇನ್ನೊಬ್ರನ್ನ ಕೂರ್ಸಲ್ಲ ಸಾರ್," ಎನ್ನುತ್ತಾರೆ.

ಅಷ್ಟರಲ್ಲಿ ಬೆಂಗಳೂರಿನ ಬಸ್ಸಿಳಿದ ಜೋಡಿಯೊಂದು ಬರುತ್ತದೆ. ಊರು ನೋಡಬೇಕಂತೆ. ಏಜಾಜ್ ಸೀಟು ಇಳಿಸಿ, ಗಾಳಿ ನೋಡಿ, ದಾರಿಯನ್ನೂ ಹೇಳಿಕೊಡುತ್ತಾರೆ. "ಮೊದ್ಲು ಸೋಮೇಶ್ವರ ದೇವಸ್ಥಾನ, ಆಮೇಲೆ ಕೋಲಾರಮ್ಮ. ಅಂತರಗಂಗೆ ಬೆಟ್ಟದ ಹತ್ರ ಸೈಕಲ್ ಮೇಲೆ ಬಾಳೆಹಣ್ಣು ಬಿಡ್ಬೇಡಿ, ಕೋತಿಗಳು ಸೀಟೂ ಕಿತ್ತಾಕ್ತವೆ." ಜೋಡಿ ಬೆಲ್ ಬಾರಿಸುತ್ತಾ ತಿರುವಿನಲ್ಲಿ ಮರೆಯಾಗುವವರೆಗೂ ಅವರು ನೋಡುತ್ತಲೇ ನಿಲ್ಲುತ್ತಾರೆ. ಆ ನೋಟದಲ್ಲಿ ಆಸೆಯಿದೆ. ಮುಚ್ಚಿಡಲು ಅವರಿಗೆ ಬರುವುದಿಲ್ಲ.

ಟೇಕಲ್‌ನಲ್ಲಿ ಅಪ್ಪನ ಪಂಚರ್ ಅಂಗಡಿಯಲ್ಲಿ ಕೆಲಸ ಕಲಿತ ಏಜಾಜ್, ಮದುವೆಯಾದ ಮೇಲೆ ಕೋಲಾರಕ್ಕೆ ಬಂದವರು. ಮನೆಮನೆಗೆ ಬೈಕ್ ಬಂದು ಬಾಡಿಗೆ ಕುಸಿದಾಗಲೂ ಅಂಗಡಿ ಮುಚ್ಚಲಿಲ್ಲ. ಗುರುತಿಲ್ಲದ ಊರೊಂದನ್ನು ಸೈಕಲ್‌ನಲ್ಲಿ ಸುತ್ತಬೇಕೆಂಬ ಆಸೆ ಮಾತ್ರ ಹಾಗೇ ಉಳಿದಿದೆ. ಕೋಲಾರವನ್ನೇ ಸುತ್ತಿದರಾಗದೇ ಎಂದರೆ ನಗುತ್ತಾರೆ. ಇಲ್ಲಿ ಯಾವ ಬೀದಿಗೆ ಹೋದರೂ "ಭಾಯ್, ಚೈನ್ ಸ್ವಲ್ಪ ನೋಡಿ" ಎಂದು ಯಾರಾದರೂ ನಿಲ್ಲಿಸುತ್ತಾರೆ.

ಹೋದ ವರ್ಷ ಪತ್ನಿ ಗೌಹರ್ ಜತೆ ಮೈಸೂರಿಗೆ ಹೋಗಿದ್ದೂ ಆಯಿತು. ಅಲ್ಲಿ ಬಾಡಿಗೆ ಸೈಕಲ್ ಹತ್ತಿದರೆ ಬ್ರೇಕ್ ಸಡಿಲ. ಭಾಯ್ ಜೇಬಿನಿಂದ ಸ್ಪ್ಯಾನರ್ ತೆಗೆದರು. ಪಕ್ಕದ ಸೈಕಲ್ಲಿನದೂ ಸಡಿಲ, ಅದರ ಪಕ್ಕದ್ದೂ ಸಡಿಲ. "ಸಂಜೆ ಬಸ್ಸಿನವರೆಗೂ ಅಲ್ಲೇ ಕೂತ್ಬಿಟ್ರು. ನಾನು ನೋಡಿದ ಮೈಸೂರು ಅಂದ್ರೆ ಆ ಅಂಗಡಿ, ಎರಡು ಟೀ, ಅಷ್ಟೇ," ಎನ್ನುತ್ತಾರೆ ಗೌಹರ್. ನಗುತ್ತಲೇ ಹೇಳಿದರೂ ಮಾತು ಚುಚ್ಚುತ್ತದೆ. ಈಗ ಗೌಹರ್‌ಗೆ ಮಂಡಿನೋವು. ಕ್ಯಾರಿಯರ್ ಮೇಲೆ ಇನ್ನೆಷ್ಟು ದಿನ ಕೂರಲಾದೀತೋ ಎಂಬ ಭಯ ಇಬ್ಬರಿಗೂ ಇದೆ.

ಬರುವ ಭಾನುವಾರ ಇಬ್ಬರೂ ಮತ್ತೆ ಮೈಸೂರಿಗೆ ಹೊರಡುತ್ತಿದ್ದಾರೆ. ಸ್ಪ್ಯಾನರ್‌ಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗದ ಕೈಯನ್ನು ಈಗಲೇ ಗೌಹರ್‌ಗೆ ಒಪ್ಪಿಸಿದ್ದಾರೆ. ಈ ಸಲವೂ ಬ್ರೇಕ್ ಸಡಿಲ ಇದ್ದರೆ ಎಂದು ನಾನು ಕೆಣಕಿದೆ.

"ನಿಧಾನಕ್ಕೆ ತುಳೀತೀನಿ ಸಾರ್," ಎಂದರು. ಆಮೇಲೆ ಸೇರಿಸಿದರು. "ಇವಳನ್ನ ಹಿಂದೆ ಕೂರಿಸ್ಕೊಂಡು, ದಾರೀಲಿ ಯಾರನ್ನಾದ್ರೂ ನಿಲ್ಸಿ, ಅರಮನೆಗೆ ಯಾವ ಕಡೆ ಹೋಗ್ಬೇಕು ಅಂತ ಕೇಳ್ಬೇಕು. ಇಷ್ಟು ವರ್ಷ ನಾನೇ ದಾರಿ ಹೇಳಿದ್ದಾಯ್ತು."