ಹಿಮದೂರಿನ ಎಲಿಸಾಪಿ, ಎಕಂಬಾದ ಕೌದಿ

ಜನವರಿಯ ಒಂದು ಬೆಳಿಗ್ಗೆ ಬೀದರಿನಲ್ಲಿ ಭಾಲ್ಕಿ ಕಡೆಯ ಪ್ಯಾಸೆಂಜರ್ ರೈಲು ಹತ್ತಿದೆವು. ನನ್ನ ಜೊತೆಗಿದ್ದ ಎಲಿಸಾಪಿ ಕೆನಡಾದ ಉತ್ತರ ತುದಿಯವಳು, ಅಲ್ಲಿನ ಇನುಯಿಟ್ ಮೂಲನಿವಾಸಿ ಕಲಾವಿದೆ. ಬಿದ್ರಿ ಕೆಲಸ ನೋಡಲು ಬಂದಿದ್ದಳು. ನಿವೃತ್ತ ಡ್ರಾಯಿಂಗ್ ಟೀಚರಾದ ನನ್ನನ್ನು ಅವಳನ್ನು ಕರೆಸಿದವರು ದುಭಾಷಿಯಾಗಿ ಗೊತ್ತುಮಾಡಿದ್ದರು. ಹೋಗಬೇಕಿದ್ದುದು ಔರಾದಿನ ಹತ್ತಿರದ ಎಕಂಬಾ ಹಳ್ಳಿಗೆ. ಔರಾದಿಗೆ ಬೀದರಿನಿಂದ ನೇರ ಬಸ್ಸಿದೆ. ಆದರೆ ಅವಳ ಊರಿಗೆ ರೈಲೂ ಇಲ್ಲ, ಹೊರಗಿನಿಂದ ಹೋಗುವ ರಸ್ತೆಯೂ ಇಲ್ಲ. ಒಮ್ಮೆ ರೈಲಿನಲ್ಲಿ ಕೂರುವ ಆಸೆ ಅವಳದು. ಹಾಗಾಗಿ ಈ ಸುತ್ತುದಾರಿ.

ಹಿಂದಿನ ದಿನ ಅವಳು ಕೇಳಿದ್ದಳು: "ನಿಮ್ಮ ಹೆಂಗಸರು ಉಳಿದ ಬಟ್ಟೆಚೂರು ಏನು ಮಾಡುತ್ತಾರೆ?" ಹಳೆ ಸೀರೆ ಹಾಸಿ, ಮೇಲೆ ಚೂರು ಜೋಡಿಸಿ, ಕೈಹೊಲಿಗೆ ಹಾಕಿದ ಕೌದಿಯ ಬಗ್ಗೆ ಹೇಳಿದೆ. ನೋಡಲೇಬೇಕು ಎಂದಳು. ನನಗೆ ಗೊತ್ತಿದ್ದ ಕೌದಿಯ ಕೈ ಒಂದೇ, ಎಕಂಬಾದಲ್ಲಿರುವ ಚಿಗವ್ವನದು, ಅಂದರೆ ಅವ್ವನ ತಂಗಿಯದು. ಅಲ್ಲಿಗೆ ಕಾಲಿಡದೆ ಏಳು ವರ್ಷವಾಗಿತ್ತು. ಅವ್ವ ಹೋದಮೇಲೆ ಮನೆ ಬದಲಿಸುವಾಗ ಅವ್ವನ ಕೌದಿಯನ್ನು ಟಿ.ವಿ.ಗೆ ಸುತ್ತಿ ಲಾರಿಗೆ ಹಾಕಿದ್ದೆ. ಟಿ.ವಿ. ಇಳಿಯಿತು, ಕೌದಿ ಇಳಿಯಲಿಲ್ಲ. ಅದರ ಅರ್ಧ ಹೊಲಿಗೆ ಚಿಗವ್ವನದೇ. ಸುದ್ದಿ ಅವಳ ಕಿವಿಗೆ ಬಿತ್ತೆಂದು ತಿಳಿದಮೇಲೆ ಮುಖ ತೋರಿಸುವ ಧೈರ್ಯ ನನಗೆ ಬಂದಿರಲಿಲ್ಲ.

ಕಿಟಕಿಯಾಚೆ ತೊಗರಿ ಕೊಯ್ಲು ನಡೆದಿತ್ತು. ನಾನು ಶಾಲು ಹೊದ್ದಿದ್ದೆ, ಅವಳು ಸೆಕೆಯೆಂದು ಅಂಗಿಯ ತೋಳು ಮಡಿಸಿಕೊಂಡಿದ್ದಳು. ಮೊಬೈಲಿನಲ್ಲಿ ತನ್ನ ಕೆಲಸ ತೋರಿಸಿದಳು: ದಪ್ಪ ಉಣ್ಣೆಬಟ್ಟೆಯ ಮೇಲೆ ಕತ್ತರಿಸಿ ಹೊಲಿದ ನಾಯಿ, ಹಕ್ಕಿ, ಹಿಮದ ಮೇಲೋಡುವ ಸ್ಕೂಟರ್. ಅವಳ ಅಜ್ಜಿ ಚರ್ಮದ ಅಂಗಿ ಹೊಲಿಯುತ್ತಿದ್ದವಳಂತೆ. ಮುಂದೆ ಅಂಗಡಿಯ ಉಣ್ಣೆಬಟ್ಟೆ ಬಂದಾಗ ಉಳಿದ ಚೂರುಗಳಲ್ಲಿ ತಾನು ಕಂಡ ಬದುಕನ್ನು ಹೊಲಿದು ಗೋಡೆಗೆ ತೂಗುಹಾಕಿದಳಂತೆ. "ಅಜ್ಜಿ ನೋಡಿದ್ದನ್ನು ಹೊಲಿದಳು. ನಾನು ಅಜ್ಜಿ ಹೇಳಿದ್ದನ್ನು ಹೊಲಿಯುತ್ತೇನೆ," ಎಂದು ಮೊಬೈಲು ಮುಚ್ಚಿದಳು.

ಭಾಲ್ಕಿಯಲ್ಲಿ ಇಳಿದು ಚಹಾ ಕುಡಿದು, ಬಜಾರಿನ ವಯಸ್ಸಾದ ದರ್ಜಿಯೊಬ್ಬರ ಹತ್ತಿರ ಚೂರುಬಟ್ಟೆ ಕೇಳಿದೆವು. ಅವರು ಒಂದು ಚೀಲವನ್ನೇ ಮುಂದಿಟ್ಟರು. "ಎಲ್ಲಾ ಒಯ್ರಿ ಮೇಡಂ. ಮೊದ್ಲ ಈ ಕತ್ರನ್‌ಗೆ ಹೆಣ್ಮಕ್ಕಳು ಜಗಳಾಡ್ತಿದ್ರು. ಈಗ ಕಸದ ಗಾಡಿಗೆ ಹಾಕ್ತೇನ್ರಿ."

ಔರಾದ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಆಧಾರ್ ನೋಡಿ ಶೂನ್ಯದ ಟಿಕೆಟ್ ಕೊಟ್ಟ, ಅವಳಿಗೆ ಪೂರ್ತಿ ದರದ್ದು. ಕರ್ನಾಟಕದ ಹೆಂಗಸರಿಗಷ್ಟೇ ಬಸ್ಸು ಪುಕ್ಕಟೆ ಎಂದು ಹೇಳಿದಾಗ ಆಕೆ ಮನಸಾರೆ ನಕ್ಕಳು. ಔರಾದಿನಿಂದ ಟಮ್‌ಟಮ್ ಆಟೊ ಹಿಡಿದು ಎಕಂಬಾ ಸೇರುವಾಗ ಬಿಸಿಲು ನೆತ್ತಿಗೆ ಬಂದಿತ್ತು.

ಚಿಗವ್ವ ಪಡಸಾಲೆಯಲ್ಲಿ ಕೌದಿ ಹರಡಿಕೊಂಡೇ ಕೂತಿದ್ದಳು. "ಶರಣ್ರಿ, ಬಾರವ್ವ, ಕೂಡು," ಎಂದು ಎಲಿಸಾಪಿಗೆ ಜಾಗ ಮಾಡಿಕೊಟ್ಟಳು. ನನ್ನತ್ತ ನೋಡದೆ ಕೇಳಿದಳು: "ದಾರಿ ನೆನಪದ ಏನು ನಿನಗ?"

ಊಟಕ್ಕೆ ಜೋಳದ ರೊಟ್ಟಿ, ಹಸಿ ತೊಗರಿಕಾಳಿನ ಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಉಂಡಾದಮೇಲೆ ಎಲಿಸಾಪಿ ದರ್ಜಿಯ ಚೀಲದಿಂದ ನೀಲಿ ಚೂರೊಂದನ್ನು ಎತ್ತಿಕೊಂಡು, ಗೆರೆ ಎಳೆಯದೆಯೇ ಕತ್ತರಿ ಆಡಿಸಿದಳು. ಕೈಯಲ್ಲಿ ಮೀಸೆಯ ಪ್ರಾಣಿಯೊಂದು ಮೂಡಿತು.

"ಇದೇನವ್ವ?"

"ಸೀಲ್ ಅಂತಾರ, ಚಿಗವ್ವ."

"ಸೀಲ್ ಅಂದ್ರ ಪಂಚಾಯ್ತಿದಾಗ ಒತ್ತೋದಲ್ಲ?"

ಕಡಲಿನ ಪ್ರಾಣಿ, ಅದರ ಮಾಂಸವೇ ಅವರ ರೊಟ್ಟಿ, ಚರ್ಮವೇ ಅಂಗಿ ಎಂದೆ. ಚಿಗವ್ವ ಅದನ್ನು ಕೌದಿಯ ಮೂಲೆಯಲ್ಲಿಟ್ಟು ನೋಡಿದಳು. ಎದ್ದು ಹೋಗಿ ರೊಟ್ಟಿಯ ಚೂರೊಂದು ತಂದು ಅದರ ಕೆಳಗಿಟ್ಟಳು. "ಕೌದಿ ಮುಚ್ಚೋ ಮುಂದ ಹೊಟ್ಟಿಗೆ ಇಷ್ಟು ಹಾಕಬೇಕು. ಹಸಗೊಂಡ ಕೌದಿ ಹೊಚಗೊಂಡ್ರ ನಿದ್ದಿ ಬರಂಗಿಲ್ಲ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಎಲಿಸಾಪಿ ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: ಸೀಲ್ ಬೇಟೆಯಾದಾಗ ಅವಳ ಅಜ್ಜಿ ಮೊದಲು ಅದರ ಬಾಯಿಗೆ ಸಿಹಿನೀರು ಬಿಡುತ್ತಿದ್ದಳಂತೆ. ಉಪ್ಪುಕಡಲಿನಲ್ಲಿ ಬದುಕಿದ ಜೀವ, ಬಾಯಾರಿರುತ್ತದೆಂದು.

"ಖರೆ ಅದ," ಎಂದಳು ಚಿಗವ್ವ. "ನೀರಡಿಸಿರ್ತದ ಪಾಪ."

"ನಾನು ಎಷ್ಟೋ ಸೀಲ್ ಹೊಲಿದೆ. ಒಂದಕ್ಕೂ ನೀರು ಕೊಟ್ಟಿರಲಿಲ್ಲ," ಎಂದ ಎಲಿಸಾಪಿ ಚೊಂಬಿಗೆ ಬೆರಳದ್ದಿ ನೀಲಿಬಟ್ಟೆಯ ಬಾಯಿಗೆ ಮುಟ್ಟಿಸಿದಳು. ಅವಳ ಕಣ್ಣು ತುಂಬಿತ್ತು. ಚಿಗವ್ವ ಸೆರಗಿನಿಂದ ಅವಳ ಮುಖ ಒರೆಸಿದಳು.

ನನಗೆ ತಡೆಯಲಾಗಲಿಲ್ಲ. "ಚಿಗವ್ವ, ಅವ್ವನ ಕೌದಿ ಕಳದೆ ನಾ. ಹುಡುಕಲಿಕ್ಕೂ ಹೋಗಲಿಲ್ಲ."

ಚಿಗವ್ವ ಇನ್ನೊಂದು ಸೂಜಿಗೆ ದಾರ ಪೋಣಿಸಿದಳು. "ಅದರಾಗ ಅಕ್ಕನ ಮದಿವಿ ಸೀರಿ ಇತ್ತು. ನೀ ಹುಟ್ಟಿದಾಗಿನ ಕುಂಚಗಿನೂ ಇತ್ತು," ಎಂದಳು. ಕುಂಚಗಿ ಎಂದರೆ ಕೂಸಿನ ಟೊಪ್ಪಿಗೆ. ಅದು ಅಲ್ಲಿತ್ತೆಂದು ನನಗೆ ಅಂದಿನವರೆಗೂ ಗೊತ್ತಿರಲಿಲ್ಲ. "ಎಲ್ಲೋ ಯಾರಿಗೋ ಬೆಚ್ಚಗ ಮಾಡ್ತಿರ್ಬೇಕು ಬಿಡು. ಹಿಡಿ ಸೂಜಿ."

ಮೂವರೂ ಇಳಿಹೊತ್ತಿನವರೆಗೆ ಹೊಲಿದೆವು. ನನ್ನ ಹೊಲಿಗೆ ಸೊಟ್ಟಸೊಟ್ಟ. ಅವ್ವ ಎದುರು ಕೂರಿಸಿಕೊಂಡು ಕಲಿಸುತ್ತಿದ್ದಾಗಲೂ ಹಾಗೇ ಇತ್ತು. ಔರಾದಿನಿಂದ ಬೀದರಿಗೆ ಸಂಜೆಯ ಬಸ್ಸು ಹಿಡಿಯಬೇಕಿತ್ತು. ಎದ್ದಾಗ ದಾರ ಹರಿಯಲು ಹೋದೆ. ಚಿಗವ್ವ ಕೈ ಹಿಡಿದಳು. "ಹರಿಬ್ಯಾಡ. ಇದು ನಿನ್ನ ಸಾಲು. ಯಾರೂ ಮುಟ್ಟಂಗಿಲ್ಲ, ನೀನೇ ಬಂದು ಮುಗಸು."

ಟಮ್‌ಟಮ್ ತಿರುಗುವಾಗ ಹಿಂದೆ ನೋಡಿದೆ. ಚಿಗವ್ವ ಕೌದಿಯನ್ನು ನಾಲ್ಕು ಮಡಿಕೆ ಮಾಡುತ್ತಿದ್ದಳು, ನನ್ನ ಸೂಜಿ ಚುಚ್ಚಿದ ಬದಿ ಮೇಲೆ ಬರುವಂತೆ.