ಕೆಲಸ ಬೇಡವೆಂದು ಬರೆಸಿದವಳು

ಪರೇಲ್‌ನ ಆಸ್ಪತ್ರೆಯಿಂದ ನಿನಗೆ ಫೋನ್ ಬಂದಿತ್ತು, ಶ್ವೇತಾ. ತೆಗೆದುಕೊಂಡವಳು ನಾನು. ನೀನು ಮಗುವಿಗೆ ಸ್ನಾನ ಮಾಡಿಸುತ್ತಿದ್ದೆ. ಲ್ಯಾಬ್ ಟೆಕ್ನಿಶಿಯನ್ ಕೆಲಸ ಇನ್ನೂ ಬೇಕೇ, ಸೋಮವಾರ ಬರಬಹುದೇ ಎಂದು ಕೇಳಿದರು. ಬೇಡವಂತೆ ಎಂದುಬಿಟ್ಟೆ. ಆಮೇಲೆ ಆ ನಂಬರನ್ನು ನಿನ್ನ ಮೊಬೈಲಿನಿಂದ ಅಳಿಸಿದೆ — ಅಳಿಸುವುದನ್ನು ನೀನೇ ನನಗೆ ಕಲಿಸಿದ್ದೆ.

ಹೆರಿಗೆಗೆಂದು ಕೆಲಸ ಬಿಟ್ಟವಳು ನೀನು. ಮಗುವಿಗೆ ವರ್ಷ ತುಂಬಿದ್ದೇ ತಡ, ಮತ್ತೆ ಹೋಗಬೇಕೆಂದು ಕಂಡಕಂಡಲ್ಲೆಲ್ಲ ಅರ್ಜಿ ಹಾಕುತ್ತಿದ್ದೆ. ನನಗೋ ಮಗುವಿನ ಹಿಂದೆ ಓಡಲು ಮನಸ್ಸಿಲ್ಲ. ಅದಕ್ಕಿಂತ ಹೆಚ್ಚಾಗಿ, ಭಾಂಡುಪ್‌ನ ಈ ಎರಡು ಕೋಣೆಯಲ್ಲಿ ದಿನವಿಡೀ ಸೊಸೆಯಿಲ್ಲದೆ... ಬಿಡು, ಕಾರಣ ಹೇಳಿ ಹಗುರಾಗುವುದು ಬೇಡ.

ಅದೇ ವಾರ ಸರಕಾರದ ಸರ್ವೆಯ ಹುಡುಗಿ ಬಂದಳು. ಯಾರಿಗೆ ಕೆಲಸವಿದೆ, ಯಾರು ಹುಡುಕುತ್ತಿದ್ದಾರೆ ಎಂದು ಮನೆಮನೆಗೆ ಬಂದು ಕೇಳುವವಳು. ಒಬ್ಬರು ಹೇಳಿದರೆ ಸಾಕು, ಮನೆಯವರೆಲ್ಲರದ್ದೂ ಬರೆದುಕೊಳ್ಳುತ್ತಾಳೆ. ಹಿರಿಯಳು ನಾನಲ್ಲವೇ — ಕುರ್ಚಿ ಎಳೆದುಕೊಂಡು ಕೂತೆ. ಸೊಸೆ ಕೆಲಸ ಹುಡುಕುತ್ತಿದ್ದಾಳೆಯೇ ಎಂದು ಕೇಳಿದಳು.

"ನೈ, ಉಸ್ಕೋ ನೌಕರಿ ನೈ ಚಾಹಿಯೆ."

ಅವಳಿಗೆ ನೌಕರಿ ಬೇಡ ಎಂದೆ, ಅಷ್ಟೇ. ಕೆಲಸವಿಲ್ಲದವರ ಲೆಕ್ಕಕ್ಕೂ ನೀನು ಸೇರಲಿಲ್ಲ. ಹುಡುಕುವವರನ್ನು ಮಾತ್ರ ಅದರಲ್ಲಿ ಹಿಡಿಯುತ್ತಾರಂತೆ. ನೀನು ಅಡುಗೆಮನೆಯಲ್ಲಿದ್ದೆ. ಕುಕ್ಕರಿನ ಸದ್ದಿನಲ್ಲಿ ಕೇಳಿಸಿರಲಾರದು ಎಂದುಕೊಂಡೆ.

ಮೂರು ತಿಂಗಳಿಗೆ ಅವಳು ಮತ್ತೆ ಬಂದಳು. ಒಂದೇ ಮನೆಗೆ ನಾಲ್ಕು ಸಲ ಬರುವುದು ಅವರ ಕ್ರಮವಂತೆ. ಅಷ್ಟರಲ್ಲಿ ನೀನು ಅರ್ಜಿ ಹಾಕುವುದನ್ನು ಬಿಟ್ಟಿದ್ದೆ, ಫೋನ್ ಸದ್ದು ಮಾಡಿದರೂ ಓಡಿ ಬರುತ್ತಿರಲಿಲ್ಲ. ಅವಳು ಅದೇ ಪ್ರಶ್ನೆ ಕೇಳಿದಳು. ನಾನು ಅಡುಗೆಮನೆಯ ಕಡೆ ನೋಡಿದೆ. ನೀನು ಅವಳ ಮುಂದೆ ಚಹಾ ಇಟ್ಟು ನನ್ನ ಕಡೆ ತಿರುಗಿದೆ.

"ಹೋದ ಸಲ ಹೇಳಿದ್ದನ್ನೇ ಹೇಳಿ ಅತ್ತೆ. ಈಗ ಅದು ಸರಿ ಉಂಟು."

ಕೇಳಿಸಿತ್ತು ನಿನಗೆ! ಮೂರು ತಿಂಗಳು ಅದರ ಬಗ್ಗೆ ಒಂದು ಮಾತೂ ಆಡದೆ ನನಗೆ ಬಡಿಸಿದ್ದೆ. ನಾನು ಹೇಳಿದ ಸುಳ್ಳು ಅಷ್ಟರಲ್ಲಿ ನಿಜವೇ ಆಗಿಹೋಗಿತ್ತು. ಆಗಲಾದರೂ ಫೋನಿನ ವಿಷಯ ಹೇಳಬಹುದಿತ್ತು — ಹೇಳಲಿಲ್ಲ. ನೀನು ಬೈದಿದ್ದರೆ ಹೇಳುತ್ತಿದ್ದೆನೋ ಏನೋ. ನೀನು ಬೈಯಲೂ ಇಲ್ಲ.

ಮಗು ಈಗ ಶಾಲೆಗೆ ಹೋಗುತ್ತದೆ. ನೀನು ಮಧ್ಯಾಹ್ನವೆಲ್ಲ ಕಿಟಕಿಯ ಹತ್ತಿರ ಸುಮ್ಮನೆ ಕೂತಿರುತ್ತೀಯ. ನೋಡಲಾಗುವುದಿಲ್ಲ ನನಗೆ. ಕ್ಷಮಿಸು ಎನ್ನುವ ಮುಖವೂ ನನಗಿಲ್ಲ. ಆದರೆ ನಿನ್ನ ಅಮ್ಮನ ಹತ್ತಿರ, "ನನ್ನನ್ನು ಯಾರೂ ಕರೀಲೇ ಇಲ್ಲ ಅಮ್ಮ" ಎಂದು ಮೊನ್ನೆಯೂ ಹೇಳುತ್ತಿದ್ದೆಯಲ್ಲ — ಇನ್ನು ಹಾಗೆ ಹೇಳಬೇಡ.

ಕರೆದಿದ್ದರು.